ಚಂದನಾಳನ್ನು ಮನೆಯಿಂದ ಆಚೆ ಹಾಕಿದ ದಿನ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಒಂದು ಎಳೆ ತಪ್ಪಿತು, ಯಾರು ನೋಡುತ್ತಾರೆಂದು ಹಾಗೇ ಬಿಟ್ಟೆ. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಡ್ರಮ್ಮು, ಬಿಂದಿಗೆ, ಬಕೆಟ್ಟು ತುಂಬಿ, ಆಸೆ ತಡೆಯಲಾರದೆ ಕುಕ್ಕರಿಗೂ ಹಿಡಿದಿಟ್ಟೆ. ಮನೆಯವರ ಡಬ್ಬಿಗೆ ಚಿತ್ರಾನ್ನ ತುಂಬಿ ಫ್ಯಾಕ್ಟರಿಗೆ ಕಳಿಸಿದೆ. ದಿಂಬಿನ ಕವರುಗಳನ್ನು ಒಗೆದು ತಂತಿಗೆ ಹಾಕಿದೆ. ಗ್ಯಾಸಿನವನಿಗೆ ಫೋನು ಮಾಡಿದೆ, ಅವನು ಎತ್ತಲಿಲ್ಲ. ಕೀರೆಸೊಪ್ಪು ಸೋಸಿ, ಹುರುಳಿಕಾಳು ಆರಿಸಿಟ್ಟೆ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾದೆ. ಸಂಜೆ ಎದ್ದು ಮುಖ ತೊಳೆದು, ಚಂದನಾ ಎಂಬ ಹುಡುಗಿಯನ್ನು ಮನೆಯಿಂದ ಆಚೆ ಹಾಕಿದೆ. ಸರಿಯಾಗಲಿಲ್ಲವೆಂದು ಇನ್ನೊಂದು ಸಲ ಹಾಕಿದೆ. ಅದೂ ಸಾಲದೆಂದು ಮತ್ತೊಂದು ಸಲ.

ನೀವು ಗಾಬರಿಯಾಗಬೇಡಿ, ಇದು ಸಿನಿಮಾಕ್ಕೆ. ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ, ನಂಜನಗೂಡಿನ ಈ ಎರಡು ಕೋಣೆಯ ಮನೆಯಲ್ಲಿ ನಾನು ಸಿನಿಮಾದವಳಾದದ್ದು ಹೇಗೆ ಎಂದು ಕೇಳಿದರೆ, ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಅಕ್ಕನ ಮಗಳು ಪಲ್ಲವಿಯಿಂದ ಆದದ್ದು ಎಂದಷ್ಟೇ ಹೇಳಬಲ್ಲೆ. ಅಕ್ಕನ ಮನೆ ಟಿ. ನರಸೀಪುರದಲ್ಲಿ, ಅಂದರೆ ನನ್ನ ತವರಿನ ಬೀದಿಯಲ್ಲೇ. ಪಲ್ಲವಿ ಡಿಗ್ರಿ ಓದಲೆಂದು ಇಲ್ಲಿಗೆ ಬಂದು, ಈಗ ಕೊನೆಯ ವರ್ಷಕ್ಕೆ ಮುಟ್ಟಿದ್ದಾಳೆ. ನಮಗೆ ಮಕ್ಕಳಿಲ್ಲ. ಆ ಜಾಗವನ್ನು ಅವಳು ತುಂಬಿದಳು ಎಂದು ಬರೆದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ. ಆದ್ದರಿಂದ ಅವಳ ಒದ್ದೆ ಟವಲು ನಮ್ಮ ಕುರ್ಚಿಯ ಮೇಲೆ ಇರುತ್ತದೆ ಎಂದು ಮಾತ್ರ ಬರೆಯುತ್ತೇನೆ.

ಅವಳು ಓದುತ್ತಿರುವುದು ಪತ್ರಿಕೋದ್ಯಮ. ಕೊನೆಯ ವರ್ಷದವರು ಒಂದೊಂದು ಅರ್ಧ ಗಂಟೆಯ ಸಿನಿಮಾ ಮಾಡಬೇಕಂತೆ. ಪಲ್ಲವಿಯೇ ಕಥೆ ಬರೆದಳು, ಪಲ್ಲವಿಯೇ ನಾಯಕಿ, ಅವಳ ಫೋನೇ ಕ್ಯಾಮೆರಾ. ಇನ್ನೊಬ್ಬ ಹುಡುಗಿಯ ಪಾತ್ರಕ್ಕೆ ಅವಳ ಜೊತೆ ಓದುವ ಚಂದನಾ. ಬಿಳಿಗೆರೆ ಕಡೆಯ ಹುಡುಗಿ ಅದು, ವಾರದಲ್ಲಿ ಮೂರು ದಿನ ನಮ್ಮ ಮನೆಯಲ್ಲೇ ಊಟ. ತಾಯಿಯ ಪಾತ್ರಕ್ಕೆ ಯಾರೂ ಸಿಗಲಿಲ್ಲವೆಂದು ನನ್ನನ್ನು ಹಿಡಿದುಕೊಂಡರು. ಮೊದಲ ಸಲ ತೆಗೆದ ದಿನ ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬಿಯ ಮೇಲೆ ಫೋನನ್ನು ನಿಲ್ಲಿಸಿ, ಬೀಳದಂತೆ ಉಪ್ಪಿನ ಜಾಡಿಯನ್ನು ಒತ್ತಿಟ್ಟು, ಪಲ್ಲವಿ ಹೇಳಿದಳು:

"ಚಿಕ್ಕಮ್ಮ, ಕಥೆ ಎಲ್ಲ ನಿಮಗೆ ಬೇಡ. ಹೇಳಿದ್ರೆ ನೀವು ಆಕ್ಟಿಂಗ್ ಶುರು ಮಾಡ್ಬಿಡ್ತೀರಿ. ನಾನು ಚಂದನಾನ ಕರ್ಕೊಂಡು ಬಂದು 'ಅಮ್ಮ, ಇವಳೇ' ಅಂತೀನಿ. ನಿಮಗೆ ಏನನ್ಸುತ್ತೋ ಅದನ್ನ ಮಾಡಿ."

"ಇವಳೇ ಅಂದ್ರೆ? ನಿನ್ನೆ ತಾನೇ ಬಂದು ಮುದ್ದೆ ಉಂಡು ಹೋದ್ಳು."

"ಸಿನಿಮಾದಲ್ಲಿ ಮೊದಲನೇ ಸಲ ಬರೋದು ಚಿಕ್ಕಮ್ಮ."

ಸರಿ, ಮೊದಲನೇ ಸಲ ಮನೆಗೆ ಬಂದ ಹೆಣ್ಣುಮಗಳಿಗೆ ಏನು ಮಾಡುತ್ತಾರೋ ಅದನ್ನು ಮಾಡಿದೆ. ಊರು ಯಾವುದೆಂದು ಕೇಳಿದೆ. ನೀರು ಕೊಟ್ಟೆ, ತಟ್ಟೆ ಹಾಕಿದೆ. ಹೊರಟಾಗ "ಇರಮ್ಮ" ಎಂದು ನಿಲ್ಲಿಸಿ ಕುಂಕುಮ ಕೊಟ್ಟೆ. ತಂದಿದ್ದ ಮಲ್ಲಿಗೆಯ ಮೊಳವನ್ನು ಎರಡು ತುಂಡು ಮಾಡಿ ಒಂದನ್ನು ಅವಳಿಗೂ ಒಂದನ್ನು ಪಲ್ಲವಿಗೂ ಮುಡಿಸಿದೆ. ಮದುವೆಯಾಗದ ಹುಡುಗಿಗೆ ಅಷ್ಟು ಸಾಕು. ಆದರೆ ಸಿನಿಮಾ ಅಲ್ಲವೇ, ನೋಡುವವರಿಗೆ ತುಂಬಿಕೊಂಡು ಕಾಣಲಿ ಎಂದು ಬೀರುವಿನಿಂದ ಒಂದು ಹಸಿರು ರವಿಕೆ ಕಣ ತೆಗೆದು, ಮೇಲೆ ಎರಡು ರಸಬಾಳೆಯಿಟ್ಟು ಮಡಿಲಿಗೆ ಹಾಕಿದೆ. ಪಲ್ಲವಿ "ಕಟ್" ಎನ್ನಲಿಲ್ಲ. ಅವಳ ಕಣ್ಣು ತುಂಬಿತ್ತು. ಒಗ್ಗರಣೆಯ ಘಾಟಿರಬೇಕೆಂದು ನಾನು ಕಿಟಕಿ ತೆಗೆದೆ. ಆ ಕಿಟಕಿ ತೆಗೆದದ್ದೂ ಸಿನಿಮಾದಲ್ಲಿ ಇದೆ. ಅದನ್ನು ನೋಡಿದವರೊಬ್ಬರು ಅದಕ್ಕೆ ದೊಡ್ಡ ಅರ್ಥವಿದೆ ಎಂದರಂತೆ.

ಆಮೇಲೊಂದು ಭಾನುವಾರ ಸೋಮನಾಥಪುರದಲ್ಲಿ ಹಾಡಿನ ಭಾಗ ತೆಗೆದರು. ನಾನು ಚೀಲ ಕಾಯಲು ಹೋಗಿದ್ದೆ. ಹುಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಒಬ್ಬ ಹುಡುಗ ಒಬ್ಬಳು ಹುಡುಗಿ ಕಂಬದ ಮರೆಯಲ್ಲಿ ಸ್ವಲ್ಪ ಹತ್ತಿರ ನಿಂತಿದ್ದೇ ತಡ, ಕಾವಲಿನವನು ಸೀಟಿ ಊದಿಕೊಂಡು ಬಂದ. ನಮ್ಮ ಇವರಿಬ್ಬರು ಕೈ ಕೈ ಹಿಡಿದುಕೊಂಡು ದೇವಸ್ಥಾನವನ್ನು ಎಷ್ಟು ಸಲ ಸುತ್ತಿದರೋ, ಒಬ್ಬರೂ ಕತ್ತೆತ್ತಿ ನೋಡಲಿಲ್ಲ. ಗೇಟಿನ ಹತ್ತಿರ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಮಾತ್ರ, "ಅಕ್ಕತಂಗೀರಾ? ಎಷ್ಟ್ ಚೆಂದಾಗವೆ" ಎಂದಳು. ನಾನು "ಹೂಂ" ಎಂದೆ. ಪಲ್ಲವಿ ಚಂದನಾಳ ಮುಖ ನೋಡಿ ನಕ್ಕಳು. ಆ ನಗು ಯಾಕೆಂದು ನನಗೆ ತಿಳಿಯಲಿಲ್ಲ. ಸೌತೆಕಾಯಿಗೆ ಉಪ್ಪು ಜಾಸ್ತಿಯಾಗಿತ್ತು ಎಂಬುದು ನೆನಪಿದೆ.

ಸಿನಿಮಾವನ್ನು ಕಾಲೇಜಿನ ಹಾಲಿನಲ್ಲಿ ತೋರಿಸಿದ ದಿನ ಮೈಸೂರು ಸಿಲ್ಕು ಉಟ್ಟುಕೊಂಡು ಹೋದೆ. ಕತ್ತಲಾಯಿತು, ಪರದೆಯ ಮೇಲೆ ಪಲ್ಲವಿ ಬಂದಳು, ಚಂದನಾ ಬಂದಳು, ಬಸ್ ಸ್ಟ್ಯಾಂಡು ಬಂತು. ನಾನು ಸಿನಿಮಾ ನೋಡುವ ರೀತಿಯೊಂದಿದೆ: ಮೊದಲು ಹೀರೋ ಯಾರೆಂದು ಗೊತ್ತಾಗಬೇಕು, ಆಮೇಲೆ ಆರಾಮಾಗಿ ಒರಗಿಕೊಳ್ಳುತ್ತೇನೆ. ಸೈಕಲ್ಲಿನಲ್ಲಿ ಒಬ್ಬ ಹುಡುಗ ಬಂದ. ಇವನೇ ಎಂದುಕೊಂಡೆ. ಅವನು ನೋಟ್ಸು ಕೊಟ್ಟು ಹೋದ, ವಾಪಸು ಬರಲಿಲ್ಲ. ಕಂಡಕ್ಟರು ಸ್ವಲ್ಪ ಲಕ್ಷಣವಾಗಿದ್ದ. ಟಿಕೆಟು ಹರಿದು ಅವನೂ ಮುಂದೆ ಹೋದ. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಈರೋ ಎಲ್ರಪ್ಪ, ಇಂಟ್ರುವೆಲ್ ಆದ್ಮೇಲ್ ಬತ್ತನಾ?" ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಆಗ ಸುತ್ತೂರು ಕಡೆಯ ಬಸ್ಸಿನಲ್ಲಿ, ಕಿಟಕಿಯ ಸೀಟಿನಲ್ಲಿ ಕೂತು, ಪರದೆಯ ಮೇಲಿನ ಪಲ್ಲವಿ ಪರದೆಯ ಮೇಲಿನ ಚಂದನಾಳಿಗೆ ಹೇಳಿದಳು: "ನಂಗೆ ನೀನಂದ್ರೆ ಇಷ್ಟ. ಫ್ರೆಂಡ್ ಅಂತ ಅಲ್ಲ." ಚಂದನಾ ಕಿಟಕಿಯಾಚೆ ನೋಡುತ್ತಲೇ, "ಗೊತ್ತು ಕಣೇ" ಎಂದಳು. ನಗುತ್ತಿದ್ದ ಹಿಂದಿನ ಸಾಲು ತಣ್ಣಗಾಯಿತು. ಒರಗಲು ಹೀರೋಗೆ ಕಾಯುತ್ತಿದ್ದ ನಾನು ಇನ್ನೂ ನೆಟ್ಟಗಾದೆ. ಆಮೇಲೆ ಬಂದಳು ನೋಡಿ ತಾಯಿ, ಅಂದರೆ ನಾನು; ಹೊಟ್ಟೆ ಮುಂದೆ ಮಾಡಿಕೊಂಡು, ಸೌಟು ಹಿಡಿದುಕೊಂಡು. "ಅಮ್ಮ, ಇವಳೇ" ಎಂದಳು ಮಗಳು. ತಾಯಿ ಊಟ ಹಾಕಿ, ಹೂ ಮುಡಿಸಿ, ರವಿಕೆ ಕಣ ಕೊಟ್ಟು ಮಡಿಲು ತುಂಬಿದಳು. ಸೊಸೆಗೆ ತುಂಬಿದ ಹಾಗೆ. ಕಿಟಕಿ ತೆಗೆದಳು. ಮುಗಿಯಿತು.

ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿ ನನ್ನ ಕಡೆ ತಿರುಗಿ, "ಬಾಳ ದೊಡ್ಡ ಮನಸ್ಸು ಕಣ್ರೀ ನಿಮ್ದು" ಎಂದರು. ಹೊಗಳಿದ್ದೂ, ಸ್ವಲ್ಪ ದೂರ ಸರಿದು ಕೂತದ್ದೂ ಒಟ್ಟಿಗೇ ಆಯಿತು. "ಪಾತ್ರ ಅಷ್ಟೇ ಕಣ್ರೀ" ಎಂದೆ. ಮನೆಗೆ ನಡೆದು ಬರುವಾಗ ಪಲ್ಲವಿ ಕೇಳಿದಳು, "ಚಿಕ್ಕಮ್ಮ, ಬೇಜಾರಾಯ್ತಾ?" ನಾನು, "ನನ್ನ ಸೀರೆ ಸೆರಗು ಅಷ್ಟು ಮೇಲಿತ್ತಲ್ಲ, ಹೇಳ್ಬಾರ್ದಾಗಿತ್ತಾ" ಎಂದೆ. ಅವಳು ಕೇಳಿದ್ದು ಅದಲ್ಲವೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನನ್ನ ತಲೆಯೊಳಗಿನ ಸಿನಿಮಾಗಳು ಎಂಥವು ಎಂದು ನಿಮಗೆ ತಿಳಿಯುವುದಿಲ್ಲ. ನರಸೀಪುರದ ನಮ್ಮ ಬೀದಿಯ ಹೆಂಗಸರು ಸಿನಿಮಾ ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಜಯಕ್ಕ ಎಂಬುವಳೊಬ್ಬಳು ಟಾಕೀಸಿಗೆ ಹೋಗಿ ನೋಡಿ ಬಂದು, ಮಾರನೆಯ ದಿನ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಪೂರ್ತಿ ಹೇಳುತ್ತಿದ್ದಳು, ಹಾಡಿನ ಸಮೇತ. ಹಣ್ಣು ಮುಗಿಯುವ ತನಕ ಕಥೆ ಮುಗಿಯುವ ಹಾಗಿಲ್ಲ. ಹಣ್ಣು ಜಾಸ್ತಿಯಿದ್ದ ದಿನ ಹೀರೋ ಎರಡು ಸಲ ಜೈಲಿಗೆ ಹೋಗುತ್ತಿದ್ದ. ನಾನು ಮದುವೆಯಾಗಿ ಬಂದು ಎಷ್ಟೋ ವರ್ಷದ ಮೇಲೆ ಆ ಸಿನಿಮಾಗಳಲ್ಲೊಂದು ಟಿವಿಯಲ್ಲಿ ಬಂತು. ಜಯಕ್ಕನ ಸಿನಿಮಾದಲ್ಲಿ ಬದುಕಿದ್ದ ತಂಗಿ ಟಿವಿಯಲ್ಲಿ ಸತ್ತೇಹೋದಳು. ಆಗ ಹೊಳೆಯಿತು: ಆ ಕಥೆ ಹೇಳಿದ ದಿನ ಜಗುಲಿಯ ಮೇಲೆ ಗೌರಮ್ಮ ಕೂತಿದ್ದಳು. ಅವಳ ತಂಗಿ ತೀರಿಕೊಂಡು ತಿಂಗಳಾಗಿತ್ತು. ಜಯಕ್ಕ ಎದುರಿಗೆ ಕೂತವರ ಮುಖ ನೋಡಿಕೊಂಡು ಸಾಯಿಸುವವಳು, ಬದುಕಿಸುವವಳು.

ಅವಳು ಹೇಳಿದ ಒಂದರಲ್ಲಿ ಇಬ್ಬರು ಗೆಳತಿಯರಿದ್ದರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಇಬ್ಬರಿಗೂ ಒಬ್ಬನ ಮೇಲೇ ಮನಸ್ಸಾಗಿ, ಒಬ್ಬಳು ತ್ಯಾಗ ಮಾಡಿ, ರೈಲು ಹತ್ತುತ್ತಾಳೆ. "ಆಮೇಲೆ ಅವರಿಬ್ರೂ ಸಿಗ್ಲೇ ಇಲ್ವಾ?" ಎಂದು ನಾನು ಕೇಳಿದ್ದೆ. "ಯಾರು, ಈರೋನಾ?" "ಅಲ್ಲ, ಗೆಳತೀರು." ಜಯಕ್ಕ ಸ್ವಲ್ಪ ಹೊತ್ತು ಬೀಜ ಬಿಡಿಸಿ, "ಅದ ತೋರಿಸ್ನಿಲ್ಲ ಕಣೇ" ಎಂದಳು. ಯಾವುದನ್ನಾದರೂ ಕಟ್ಟಿ ಹೇಳಬಲ್ಲ ಹೆಂಗಸು ಅದೊಂದನ್ನು ಕಟ್ಟಲಿಲ್ಲ.

ಅದೇ ಬೀದಿಯಲ್ಲಿ ನಾಗು ಎಂಬ ಹುಡುಗಿಯಿದ್ದಳು. ನಾವು ಮದುವೆಯಾಟ ಆಡುವಾಗ ಎತ್ತರವಿದ್ದೆನೆಂದು ಯಾವಾಗಲೂ ನಾನೇ ಗಂಡು, ಅವಳೇ ಹೆಣ್ಣು, ಅಪ್ಪನ ಟವಲೇ ಪೇಟ. ದೊಡ್ಡವರು ನೋಡಿ ನಗುತ್ತಿದ್ದರು, ಕಡಲೆಪುರಿ ಹಾಕುತ್ತಿದ್ದರು. ಮುಂದೆ ನಾಗುವಿನ ನಿಜವಾದ ಮದುವೆಯಾದಾಗ ನನಗೆ ಜ್ವರ ಬಂತು. ಅವ್ವ ದೃಷ್ಟಿ ತೆಗೆದಳು, ಜ್ವರ ಬಿಟ್ಟಿತು. ಅದು ಬರಿಯ ಜ್ವರವೇ ಇದ್ದಿರಬೇಕು. ಮಳೆಯಲ್ಲಿ ನೆಂದಿದ್ದೆ ಕೂಡ. ಪಲ್ಲವಿಗೆ ಹೇಳಿದರೆ ಅದಕ್ಕೊಂದು ಹೆಸರು ಕೊಟ್ಟುಬಿಡುತ್ತಾಳೆಂದು ಹೇಳಿಲ್ಲ.

ಹೆಸರು ಎಂದಾಗ ನೆನಪಾಯಿತು. ತನ್ನ ಸಿನಿಮಾದ ಬಗ್ಗೆ ಬರೆದುಕೊಡುವಾಗ ಅವಳು "ಇದೊಂದು ಲೆಸ್ಬಿಯನ್ ಪ್ರೇಮಕಥೆ" ಎಂದು ಬರೆದಿದ್ದಳು. ಆ ಪದವನ್ನು ಪೇಪರಿನಲ್ಲಿ ಓದಿದ್ದೇನೆಯೇ ಹೊರತು ಬಾಯಲ್ಲಿ ಆಡಿದ್ದಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಒಂದು ಸಲ ಹೇಳಿ ನೋಡಿದೆ. ಏನೂ ಆಗಲಿಲ್ಲ. ಕುಕ್ಕರು ಕೂಗಿತು.

ಕಾಲೇಜಿನಲ್ಲಿ ತೋರಿಸಿದ ಮೇಲೆ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಥ ಬೇರೆ ಸಿನಿಮಾಗಳನ್ನೂ ಫೋನಿನಲ್ಲಿ ತೋರಿಸಿದಳು. ಯಾವ ಯಾವುದೋ ದೇಶದವು. ನಾನು ಬೆಳ್ಳುಳ್ಳಿ ಸುಲಿಯುತ್ತಾ ನೋಡಿದೆ. ಭಾಷೆ ತಿಳಿಯದಿದ್ದರೂ ಹುಡುಗಿಯರು ನಾಚಿಕೊಳ್ಳುವುದು, ಬಾಗಿಲಲ್ಲಿ ನಿಂತು ಕಾಯುವುದು, ಸಿಟ್ಟು ಮಾಡಿಕೊಂಡು ಕೂದಲು ಕಟ್ಟುವುದು ಎಲ್ಲ ನಮ್ಮ ಹಾಗೆಯೇ. ಮೊದಲನೆಯದರಲ್ಲಿ ಕೊನೆಗೆ ಒಬ್ಬಳು ನೀರಿಗೆ ಬಿದ್ದು ಸತ್ತಳು. ಎರಡನೆಯದರಲ್ಲಿ ಒಬ್ಬಳಿಗೆ ಕಾಯಿಲೆ. ಮೂರನೆಯದರಲ್ಲಿ ಒಬ್ಬ ಹುಡುಗ ಬಂದು ಒಬ್ಬಳನ್ನು ಮದುವೆಯಾಗಿ ಕರೆದುಕೊಂಡು ಹೋದ, ಇನ್ನೊಬ್ಬಳು ಮದುವೆಗೆ ಬಂದು ಊಟ ಮಾಡಿದಳು.

"ನೋಡಿದ್ರಾ ಚಿಕ್ಕಮ್ಮ? ಯಾವಾಗ್ಲೂ ಹಿಂಗೇ. ಒಬ್ಳು ಸಾಯ್ಬೇಕು, ಇಲ್ಲ ಒಬ್ಬ ಬಂದು ಕರ್ಕೊಂಡು ಹೋಗ್ಬೇಕು. ಇಲ್ಲ ಅಂದ್ರೆ ಮನೆಯಿಂದ ಆಚೆ ಹಾಕ್ಬೇಕು. ನೋಡೋರು ಅದನ್ನೇ ಕಾಯ್ತಾ ಇರ್ತಾರೆ."

"ನಮ್ಮ ಕಾಲದ ಸಿನಿಮಾದಲ್ಲೂ ಸಾಯ್ತಿದ್ರು ಕಣೇ."

"ನಿಮ್ಮ ಕಾಲದಲ್ಲಿ ಹತ್ತು ಸಿನಿಮಾದಲ್ಲಿ ಎರಡರಲ್ಲಿ ಸಾಯ್ತಿದ್ರು. ನಂದು ಒಂದು ಸಿನಿಮಾದಲ್ಲಾದ್ರೂ ಇಬ್ರೂ ಮನೆಯೊಳಗೇ ಇರ್ಲಿ ಅಂತ ಇತ್ತು ನಂಗೆ. ಅಷ್ಟೇ ಆಸೆ."

ಅಷ್ಟೇ ಆಸೆ ಎಂದವಳಿಗೆ ಅಡ್ಡ ಬಂದದ್ದು ಎರಡು ಕಡೆಯಿಂದ. ಒಂದು, ಅವಳ ಮೇಡಂ. ಒಳ್ಳೆಯವರೇ. ಮೈಸೂರಿನಲ್ಲಿ ದೊಡ್ಡ ಸ್ಪರ್ಧೆಯಿದೆ, ನಿನ್ನ ಸಿನಿಮಾ ಕಳಿಸೋಣ ಎಂದರಂತೆ. ಆದರೆ ಕೊನೆ ಬದಲಾಯಿಸು. ತಾಯಿ ಅಷ್ಟು ಸಲೀಸಾಗಿ ಒಪ್ಪಿಕೊಂಡರೆ ಯಾರು ನಂಬುತ್ತಾರೆ? ಒಂದು ಬೈಗುಳ, ಒಂದು ಕಣ್ಣೀರು ಇರಲಿ, ತಾಯಿ ಆ ಹುಡುಗಿಯನ್ನು ಆಚೆ ಹಾಕಲಿ, ಆಗ ಜನರ ಕರುಳು ಚುರುಕ್ಕೆನ್ನುತ್ತದೆ ಎಂದರಂತೆ.

ಇನ್ನೊಂದು, ನನ್ನ ಅಕ್ಕ. ಯಾರೋ ಆ ಕೊನೆಯ ತುಂಡನ್ನು ಫೋನಿನಿಂದ ಫೋನಿಗೆ ಕಳಿಸಿ, ಅದು ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿಗಿಂತ ಮೊದಲೇ ತಲುಪಿತ್ತು. ಅಕ್ಕ ಫೋನು ಮಾಡಿದಳು.

"ಏನೇ ಇವ್ಳೆ, ನನ್ ಮಗ್ಳಿಗೆ ತಾಯಾಗಿ ನಿಂತ್ಕೊಂಡು ಮಡ್ಲು ತುಂಬ್ಬುಟ್ಟಿದ್ದೀಯಲ್ಲ."

"ಅಕ್ಕ, ಅದು ಸಿನಿಮಾ. ನಂಗೆ ಕಥೆನೇ ಗೊತ್ತಿರ್ಲಿಲ್ಲ."

"ಕಥೆ ಗೊತ್ತಿಲ್ದೆ ರವ್ಕೆ ಕಣ ಕೊಟ್ಟ್‌ಬುಡ್ತಾರಾ ಯಾರಾರ? ಇಲ್ಲಿ ಬೀದಿಲಿ ಒಬ್ಬೊಬ್ರು ಒಂದೊಂದ್ ಕೇಳ್ತಾವ್ರೆ. ನಿಮ್ ತಂಗಿ ಒಪ್ಕೊಂಡ್ಲಂತಲ್ಲ ಅಂತವ್ರೆ. ನಾನೇನ್ ಯೋಳ್ಲಿ?"

"ಪಾತ್ರ ಅಂತ ಹೇಳು."

"ಪಾತ್ರ ಅಂತೆ. ಅವ್ಳು ನಿಜ್ವಾಗ್ಲೂ ಅಂಗೇನಾ, ಅದ ಯೋಳು ಮೊದ್ಲು." ಅಕ್ಕನ ದನಿ ಅಲ್ಲಿ ಸಣ್ಣಗಾಯಿತು. ನಾನು, "ಕೇಳಿಲ್ಲ ಅಕ್ಕ" ಎಂದೆ. "ಕೇಳ್ಬ್ಯಾಡ. ಕೇಳುದ್ರೆ ಯೋಳ್ಬುಡ್ತಳೆ" ಎಂದಳು. ಆಮೇಲೆ ಮತ್ತೆ ಗಟ್ಟಿಯಾಗಿ, "ಅದ್ಯಾರೋ ಮೇಡಮ್ಮು ಬೈಸಿ ಅಂದವ್ರಂತಲ್ಲ, ಬೈದು ಮುಗ್ಸು" ಎಂದಳು.

ಹೀಗೆ, ಒಬ್ಬರು ಸಿನಿಮಾ ಗೆಲ್ಲಲೆಂದು, ಇನ್ನೊಬ್ಬರು ಬೀದಿಯ ಬಾಯಿ ಮುಚ್ಚಲೆಂದು, ಇಬ್ಬರೂ ಸೇರಿ ಚಂದನಾಳನ್ನು ಆಚೆ ಹಾಕುವ ಕೆಲಸವನ್ನು ನನಗೆ ಒಪ್ಪಿಸಿದರು. ಪಲ್ಲವಿ ಎರಡು ದಿನ ಫೋನಿನಲ್ಲಿ ಹಳೆಯ ಕೊನೆಯನ್ನೇ ಹಾಕಿಕೊಂಡು ನೋಡಿದಳು. ಮೈಸೂರಿಗೆ ಕಳಿಸಬೇಕೆಂಬ ಆಸೆಯೂ ಅವಳಿಗಿತ್ತು, ಕೊನೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆಯೂ ಇತ್ತು. ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಸಂಜೆ ತೆಗೆದುಬಿಡೋಣ ಚಿಕ್ಕಮ್ಮ" ಎಂದಳು. ಹೇಳಬೇಕಾದ ಮಾತನ್ನು ಹೇಳಿಕೊಟ್ಟಳು: "ಇನ್ನು ನನ್ನ ಮನೆ ಬಾಗಿಲಿಗೆ ಕಾಲಿಡಬೇಡ, ಹೋಗು." ಅದನ್ನು ಬಾಯಿಪಾಠ ಮಾಡುತ್ತಾ ಸೊಪ್ಪು ಸೋಸಿದ್ದರಿಂದ ಎಳೆಯ ದಂಟೆಲ್ಲ ಕಸಕ್ಕೆ ಹೋಗಿ ಬಲಿತದ್ದು ಪಾತ್ರೆಗೆ ಬಂತು.

ಸಂಜೆ ಚಂದನಾ ಬಂದಳು. ಅಂದು ನಾನು ಕೊಟ್ಟ ರವಿಕೆ ಕಣವನ್ನು ಹೊಲಿಸಿ ಹಾಕಿಕೊಂಡಿದ್ದಳು, ಕುರ್ತಾ ಮಾಡಿಸಿಕೊಂಡಿದ್ದಳು. ಒಂದು ಮೀಟರು ಬಟ್ಟೆ ಹೇಗೆ ಸಾಕಾಯಿತೋ, ಕೈಗೆ ಬೇರೆ ಬಟ್ಟೆ ಜೋಡಿಸಿದ್ದಳು. ಫೋನು ಡಬ್ಬಿಯ ಮೇಲೆ ಕೂತಿತು. ನಾನು ಕೈಯೆತ್ತಿ ಬಾಗಿಲು ತೋರಿಸಿ, ಹುಬ್ಬು ಗಂಟಿಕ್ಕಿ, "ಇನ್ನು ನನ್ನ ಮನೆ ಬಾಗಿಲಿಗೆ ಕಾಲಿಡಬೇಡ" ಎಂದೆ. ಅವಳು ತಲೆ ತಗ್ಗಿಸಿ ಹೊಸ್ತಿಲು ದಾಟಿದಳು. ದಾಟುವುದನ್ನು ನೋಡಿದ್ದೇ ನನ್ನ ಬಾಯಿ ತನ್ನ ಪಾಡಿಗೆ ತಾನು, "ಹೋಗ್ಬಿಟ್ಟು ಬಾಮ್ಮ" ಎಂದುಬಿಟ್ಟಿತು. ಹೊಸ್ತಿಲು ದಾಟುವವರಿಗೆ ಬರಿಯ "ಹೋಗು" ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ನನ್ನ ನಾಲಿಗೆಗೆ ಅದು ಅಭ್ಯಾಸವೇ ಇಲ್ಲ. ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು.

"ಆಂಟಿ, ಆಚೆ ಹಾಕ್ತಿದ್ದೀರೋ, ಸಂತೆಗೆ ಕಳಿಸ್ತಿದ್ದೀರೋ?" ಎಂದಳು ಚಂದನಾ.

ನನಗೆ ಸ್ವಲ್ಪ ರೋಷ ಬಂತು. ಎರಡನೆಯ ಸಲ ಅಕ್ಕ ಫೋನಿನಲ್ಲಿ ಮಾತಾಡಿದ ದನಿಯನ್ನು ನೆನಪಿಸಿಕೊಂಡು, ಅದೇ ದನಿಯಲ್ಲಿ ಹೇಳಿದೆ. ಹೇಳಿಕೊಟ್ಟದ್ದರ ಮೇಲೆ ಇನ್ನೆರಡು ಮಾತು ತಾವಾಗಿಯೇ ಬಂದವು: ನಮ್ಮ ಮನೆಯ ಮಗುವನ್ನು ಹಾಳು ಮಾಡಬೇಡ, ನಿನಗೆ ಹೆತ್ತವರಿಲ್ಲವೇ ಎಂದೆಲ್ಲ. ಚಂದನಾ ಹೋದಳು. ಪಲ್ಲವಿ "ಕಟ್" ಎನ್ನಲಿಲ್ಲ. ನಾನು ಕಾದೆ. ಚಂದನಾ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತು, ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಲು ನೋಡುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಯಾಕಮ್ಮ, ಸಿನಿಮಾ ಅಲ್ವಾ?"

"ಹೂಂ ಆಂಟಿ, ಸಿನಿಮಾನೇ." ಮೂಗು ಒರೆಸಿಕೊಂಡಳು. "ನಮ್ಮನೇಲೂ ಹಿಂಗೇ ಅಂತಾರೆ ಅನ್ಸುತ್ತೆ."

"ಏನಕ್ಕೆ ಅಂತಾರೆ?"

ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಪಲ್ಲವಿಯನ್ನು ನೋಡಿದಳು. "ಸಿನಿಮಾ ನೋಡಿದ್ರೆ" ಎಂದಳು.

ಇದರಲ್ಲಿ ಸಿನಿಮಾ ಎಲ್ಲಿಗೆ ಮುಗಿಯುತ್ತದೆ, ಉಳಿದದ್ದು ಎಲ್ಲಿಂದ ಶುರುವಾಗುತ್ತದೆ ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ಕೇಳಲಿಲ್ಲ. ಅಕ್ಕ ಕೇಳಬೇಡ ಎಂದಿದ್ದಳು ಎಂದಲ್ಲ. ಉತ್ತರ ಬಂದರೆ ಅದನ್ನು ಮನೆಯಲ್ಲಿ ಯಾವ ಜಾಗದಲ್ಲಿ ಇಡಬೇಕೆಂದು ತಿಳಿಯದೆ.

ಮೂರನೆಯ ಸಲ ಹೊರಗಿನಿಂದ ತೆಗೆಯಬೇಕೆಂದು ಪಲ್ಲವಿ ಫೋನನ್ನು ಕಾಂಪೌಂಡಿನ ಮೇಲೆ ನಿಲ್ಲಿಸಿದಳು. ಅವಳ ಮುಖ ಬಿಗಿದುಕೊಂಡಿತ್ತು, ಕೆಲಸ ಮುಗಿಸಿಬಿಡುವ ಹಠ. ನಾನು ಬಾಗಿಲಲ್ಲಿ ನಿಂತು, ಬಲವಿಲ್ಲದ ದನಿಯಲ್ಲಿ ಬೈದೆ. ಚಂದನಾ ಚೀಲ ತಗುಲಿಸಿಕೊಂಡು, ಕಣ್ಣೊರೆಸಿಕೊಂಡು ಗೇಟಿನ ಹತ್ತಿರ ಬರುವುದಕ್ಕೂ, ನಮ್ಮ ಮನೆಯವರು ಡಬ್ಬಿಯ ಚೀಲ ಹಿಡಿದು ಫ್ಯಾಕ್ಟರಿಯಿಂದ ಬರುವುದಕ್ಕೂ ಸರಿಹೋಯಿತು. ಅವರಿಗೆ ಈ ಕಥೆಯೂ ಗೊತ್ತಿಲ್ಲ, ಆ ಕಥೆಯೂ ಗೊತ್ತಿಲ್ಲ. ಗೇಟಿನಲ್ಲಿ ನಿಂತು ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಯಾಕವ್ವ, ಉಣ್ಣೋ ಒತ್ನಲ್ಲಿ ಎಲ್ಗೋಯ್ತಾ ಇದೀಯೆ? ಬಾ ಒಳಕ್ಕೆ." ಆಮೇಲೆ ನನಗೆ, "ಮನೆಗ್ ಬಂದ್ ಮಕ್ಕಳ್ನ ಅಳಿಸ್ತಾರಾ? ವಯಸ್ಸಾಯ್ತಾ ಆಯ್ತಾ ಬುದ್ಧಿ ಕಮ್ಮಿ ಆಯ್ತದೆ ನಿಂಗೆ."

"ರೀ, ಸಿನಿಮಾ ಕಣ್ರೀ."

"ಯಾವ್ದಾದ್ರೂ ಆಗ್ಲಿ, ಒಳಗ್ ಆಡ್ಕೊಳಿ" ಎಂದು ಅವಳ ಚೀಲವನ್ನು ತಾವೇ ತೆಗೆದುಕೊಂಡು ಒಳಗೆ ಹೋಗಿ, ಕೈಕಾಲು ತೊಳೆಯಲು ಬಚ್ಚಲಿಗೆ ನಡೆದರು. ಅಲ್ಲಿಂದ ಕೇಳಿದರು, "ಗ್ಯಾಸ್ ಬಂತಾ?"

ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಸಂಜೆಯ ಬೆಳಕು ಇನ್ನೂ ಇತ್ತು. ಎದುರು ಮನೆಯವರು ದನ ಕಟ್ಟುತ್ತಿದ್ದರು. ಪಲ್ಲವಿ ನನ್ನ ಕಡೆ ತಿರುಗದೆ ಕೇಳಿದಳು:

"ಚಿಕ್ಕಮ್ಮ, ನಿಜವಾಗ್ಲೂ ಆಗಿದ್ರೆ ಏನ್ ಮಾಡ್ತಿದ್ರಿ?"

ಎಲ್ಲರೂ ಸುತ್ತಿ ಬಳಸಿ ಕೇಳುತ್ತಿದ್ದದ್ದನ್ನು ಅವಳು ನೇರ ಕೇಳಿದಳು. ಸುಳ್ಳು ಹೇಳಲು ಸಮಯವಿರಲಿಲ್ಲ.

"ಗೊತ್ತಿಲ್ಲ ಕಣೇ. ಅವತ್ತು ಮಡಿಲು ತುಂಬಿದ್ದು ಗೊತ್ತಿಲ್ದೆ. ಇವತ್ತು ಬೈದಿದ್ದು ನೀನು ಹೇಳ್ಕೊಟ್ಟಿದ್ದಕ್ಕೆ. ಎರಡೂ ನಾನಲ್ಲ. ನಂಗೆ ಭಯ ಆಗುತ್ತೆ. ನಿಮ್ಮಮ್ಮ ಏನಂತಾಳೋ, ಇವಳ ಮನೆಯೋರು ಏನಂತಾರೋ. ಪೂರ್ತಿ ಅರ್ಥಾನೂ ಆಗಲ್ಲ, ಯಾರು ಯಾರ ಮನೆಗೆ ಹೋಗೋದು, ಹಬ್ಬಕ್ಕೆ ಯಾರನ್ನ ಕರೆಯೋದು ಅಂತೆಲ್ಲ ಯೋಚನೆ ಮಾಡಿದ್ರೆ ತಲೆ ಗಿರ್ರನ್ನುತ್ತೆ. ಆದ್ರೆ ಆಚೆ ಹೋಗು ಅಂದಾಗ ಇವಳ ಮುಖ ನೋಡಿದ್ನಲ್ಲ, ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ನಾಳೆ ಏನಂತೀನೋ ಗೊತ್ತಿಲ್ಲ. ಈಗ ಸೊಪ್ಪು ಬೇಯ್ತಾ ಇದೆ. ಒಳಗೆ ಬನ್ನಿ ಇಬ್ರೂ."

ಪಲ್ಲವಿ ಎದ್ದು ಹೋಗಿ ಕಾಂಪೌಂಡಿನ ಮೇಲಿನ ಫೋನನ್ನು ಎತ್ತಿಕೊಂಡಳು. ಅದು ಇಷ್ಟು ಹೊತ್ತೂ ಓಡುತ್ತಲೇ ಇತ್ತು. ಗಂಡನ ಬೈಗುಳ, ದನದ ಕೂಗು, ನನ್ನ ಹೊಟ್ಟೆ, ನನ್ನ ಮಾತು ಎಲ್ಲ ಅದರಲ್ಲಿತ್ತು. ಎರಡು ಸಲ ಹಾಕಿಕೊಂಡು ನೋಡಿದಳು.

"ಇದೇ ಇರ್ಲಿ" ಎಂದಳು.

"ಮೇಡಂ ಒಪ್ತಾರೇನೇ?" ಎಂದಳು ಚಂದನಾ. "ಅಮ್ಮನಿಗೇ ಗೊತ್ತಿಲ್ಲ ಅಂದ್ರೆ ನೋಡೋರು ಏನು ಅಂದ್ಕೋಬೇಕು?"

"ಒಪ್ಪದಿದ್ರೆ ಮೈಸೂರಿಗೆ ಹೋಗಲ್ಲ. ನೋಡೋರೂ ಮನೆಗೆ ಹೋಗಿ ಯೋಚನೆ ಮಾಡ್ಲಿ."

ನನ್ನ ಹೊಟ್ಟೆ ಅಷ್ಟು ದಪ್ಪ ಕಾಣುತ್ತದೆ, ಅದನ್ನಾದರೂ ತೆಗಿ ಎಂದೆ. ತೆಗೆಯಲಿಲ್ಲ.

ಊಟದ ಹೊತ್ತಿಗೆ ಬಿಳಿಗೆರೆಯ ಬಸ್ಸು ಹೋಗಿತ್ತು. ಚಂದನಾ ಇಲ್ಲೇ ಉಳಿದಳು. ಎಷ್ಟೋ ಸಲ ಉಳಿದಿದ್ದಾಳೆ, ಎಷ್ಟೋ ಸಲ ನಾನೇ ಹಾಸಿಗೆ ಹಾಸಿದ್ದೇನೆ. ಇವತ್ತು ಚಾಪೆ ಕೈಯಲ್ಲಿ ಹಿಡಿದು ಕೋಣೆಯ ನಡುವೆ ನಿಂತುಬಿಟ್ಟೆ. ಎರಡನ್ನು ಜೋಡಿಸಿ ಹಾಸಲೋ, ನಡುವೆ ಜಾಗ ಬಿಡಲೋ? ಜೋಡಿಸಿದರೆ ಏನೋ ಒಪ್ಪಿದ ಹಾಗೆ. ಬಿಟ್ಟರೆ ಏನೋ ಅಂದ ಹಾಗೆ. ಒಂದು ಚಾಪೆಯ ವಿಷಯಕ್ಕೆ ಇಷ್ಟು ಯೋಚನೆ ಮಾಡಿದ್ದು ನನ್ನ ಆಯುಷ್ಯದಲ್ಲೇ ಇಲ್ಲ. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಏನಾಯ್ತು? ಬೈದ್ಯಾ?"

"ಬೈದೆ. ಆಮೇಲೆ ಅದು ಬೇಡ ಅಂತ ಬಿಟ್ವಿ."

"ಒಪ್ಕೊಂಡ್ಯಾ ಅಂಗಾದ್ರೆ?"

"ಅದೂ ಇಲ್ಲ."

"ಅದೂ ಇಲ್ಲ, ಇದೂ ಇಲ್ಲ ಅಂದ್ರೆ ಏನೇ ಅದು?"

"ನಂಗೆ ಗೊತ್ತಾಗ್ತಿಲ್ಲ ಅಂದೆ ಅಕ್ಕ. ಅದನ್ನೇ ಇಟ್ಕೊಂಡ್ಳು."

ಆ ಕಡೆ ಧಾರಾವಾಹಿಯ ಸದ್ದು ಕೇಳುತ್ತಿತ್ತು. ಅಕ್ಕ ಅದನ್ನು ಸಣ್ಣಗೆ ಮಾಡಿದಳು.

"ಕೂಸು ಉಂಡ್ಲಾ?"

"ಉಂಡ್ಳು."

ಧಾರಾವಾಹಿಯ ಸದ್ದು ಪೂರ್ತಿ ನಿಂತಿತು. ಫೋನು ಇಟ್ಟಳೇನೋ ಎಂದುಕೊಂಡೆ.

"ಆ ಇನ್ನೊಂದ್ ಕೂಸು?"

"ಅದೂ ಉಂಡ್ತು. ಬಸ್ಸು ತಪ್ಪೋಯ್ತು, ಇಲ್ಲೇ ಮಲಗುತ್ತೆ."

"ಊಂ" ಎಂದಳು. ಇನ್ನೇನೋ ಬರುತ್ತದೆ ಎಂದು ನಾನು ಚಾಪೆಯನ್ನು ಬಿಗಿಯಾಗಿ ಹಿಡಿದುಕೊಂಡೆ. "ಒಳೆ ಪಕ್ಕದ್ ಊರು ನಿಮ್ದು, ಸೊಳ್ಳೆ ತಿಂದಾಕ್ತವೆ. ಪರದೆ ಕಟ್ಕೊಡು ಅವಕ್ಕೆ" ಎಂದು ಫೋನು ಇಟ್ಟಳು.

ಮನೆಯಲ್ಲಿ ಇರುವುದು ಒಂದೇ ಸೊಳ್ಳೆ ಪರದೆ. ಅದು ಇಬ್ಬರನ್ನೂ ಮುಚ್ಚಬೇಕಾದರೆ ಚಾಪೆಗಳು ಜೋಡಿಯಾಗಲೇಬೇಕು. ಜೋಡಿಸಿದೆ. ನಾಲ್ಕು ಮೂಲೆ ಮೊಳೆಗೆ ಕಟ್ಟಿ, ಅಂಚನ್ನು ಸುತ್ತಲೂ ಒಳಕ್ಕೆ ಸಿಕ್ಕಿಸಿ ಬಂದೆ.

ಉಂಡದ್ದು ರಾಗಿಮುದ್ದೆ, ಬಲಿತ ದಂಟಿನ ಬಸ್ಸಾರು, ಹುರುಳಿಕಾಳಿನ ಪಲ್ಯ, ಮಜ್ಜಿಗೆ. ಚಂದನಾ ಎರಡು ಮುದ್ದೆ ಉಂಡಳು, ಪಲ್ಲವಿ ಒಂದನ್ನೂ ಪೂರ್ತಿ ಉಣ್ಣದೆ ಅರ್ಧವನ್ನು ಅವಳ ತಟ್ಟೆಗೆ ಜಾರಿಸಿದಳು. ಮೊದಲು ನಿದ್ದೆ ಹೋದವರು ನಮ್ಮ ಮನೆಯವರು, ಆಮೇಲೆ ಚಂದನಾ, ಆಮೇಲೆ ಪಲ್ಲವಿ. ನಾನು ಇನ್ನೂ ಎದ್ದಿದ್ದೇನೆ.